ರಜಾ ಚೀಟಿ ಹಿಡಿದು ಹೋದವನು

ಟರ್ಕಿಯ ನಟ, ನಿರ್ದೇಶಕ ಯಿಲ್ಮಾಜ್ ಗುನೆಯ್‌ಗೆ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ತಂದುಕೊಟ್ಟ ಚಿತ್ರದ ಒಂದು ದೃಶ್ಯ ಚಿತ್ರೀಕರಣವಾಗುವಾಗಲೂ ಅವನು ಅಲ್ಲಿರಲಿಲ್ಲ. ಅವನು ಟರ್ಕಿಯ ಸೆರೆಮನೆಯಲ್ಲಿದ್ದ. ಅಲ್ಲೇ ಕುಳಿತು ಚಿತ್ರಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಬರೆದು ಹೊರಗೆ ಕಳುಹಿಸಿದ. ಶೆರಿಫ್ ಗೊರೆನ್ ಎಂಬ ನಿರ್ದೇಶಕ 1981ರಲ್ಲಿ ಸೈನಿಕ ಆಡಳಿತದ ಕಣ್ಣೆದುರೇ ಅದನ್ನು ಚಿತ್ರೀಕರಿಸಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗುನೆಯ್ ರಜೆ ಪಡೆದು ಸೆರೆಮನೆಯಿಂದ ಹೊರಗೆ ಬಂದ. ಮತ್ತೆ ಹಿಂದಿರುಗಲಿಲ್ಲ. ಸಮುದ್ರ ದಾಟಿ ಯುರೋಪ್ ಸೇರಿದ, ಸ್ವಿಟ್ಜರ್ಲೆಂಡಿನಲ್ಲಿ ತನ್ನ ಚಿತ್ರದ ಸಂಕಲನಕ್ಕೆ ಕುಳಿತ. 1982ರಲ್ಲಿ ‘ಯೋಲ್’ ಎಂಬ ಆ ಚಿತ್ರ ಕಾನ್‌ನಲ್ಲಿ ಗೆದ್ದಿತು. 1984ರ ಸೆಪ್ಟೆಂಬರ್ 9ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಆಗ ಅವನಿಗೆ 47 ವರ್ಷ.

ಈ ಮನುಷ್ಯನ ಬದುಕನ್ನು ಮಡಿಕೇರಿಯ ಒಂದು ಶಾಲಾ ಸಭಾಂಗಣದಲ್ಲಿ ಜನರಿಗೆ ಹೇಳುವ, ‘ಯೋಲ್’ ಚಿತ್ರಕ್ಕೆ ಕನ್ನಡದಲ್ಲಿ ಸಬ್‌ಟೈಟಲ್ ಬರೆದು ತೋರಿಸುವ ಕೆಲಸ ಕಳೆದ ಮಳೆಗಾಲದಲ್ಲಿ ನನ್ನ ಪಾಲಿಗೆ ಬಂತು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಸಿನಿಮಾ ಓದಿದವಳಲ್ಲ. ನಮ್ಮದು ಸಣ್ಣ ಗುಂಪು: ಇಬ್ಬರು ಶಿಕ್ಷಕರು, ಒಬ್ಬರು ಬ್ಯಾಂಕಿನವರು, ಕಾಫಿ ತೋಟದ ಒಬ್ಬ ದಂಪತಿ, ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಮಾವ, ಮತ್ತೆ ಬಂದು ಹೋಗುವ ಹಲವರು. ಟಿಕೆಟ್ ಇಲ್ಲ, ಪ್ರಚಾರ ಇಲ್ಲ. ಚಿತ್ರದ ಹಕ್ಕುಳ್ಳವರಿಗೆ ಪತ್ರ ಬರೆದು ಅನುಮತಿ ಕೇಳುವುದು, ಅದು ಬಂದ ಮೇಲೆ ತೋರಿಸುವುದು ನಮ್ಮ ಕ್ರಮ. ಪ್ರತಿ ಚಿತ್ರಕ್ಕೂ ಒಬ್ಬರು ಹೊಣೆ ಹೊರುತ್ತಾರೆ. ಹೊಣೆ ಹೊತ್ತವರು ನಿರ್ದೇಶಕರ ಬದುಕನ್ನು ಅರ್ಧ ಗಂಟೆಯಲ್ಲಿ ಹೇಳಬೇಕು.

ಅರ್ಧ ಗಂಟೆಗೆ ಗುನೆಯ್ ದಕ್ಕುವವನಲ್ಲ ಎಂಬುದು ಓದಲು ತೊಡಗಿದಾಗಲೇ ತಿಳಿಯಿತು. ಅವನು ಹುಟ್ಟಿದ್ದು 1937ರಲ್ಲಿ, ದಕ್ಷಿಣ ಟರ್ಕಿಯ ಅದಾನಾ ಪಟ್ಟಣದ ಹತ್ತಿರದ ಯೆನಿಜೆ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಪೂರ್ವದ ಸೀಮೆಯಿಂದ ಕೂಲಿ ಹುಡುಕಿ ಇಳಿದು ಬಂದ ಕುರ್ದರು, ಟರ್ಕಿಯ ಅಲ್ಪಸಂಖ್ಯಾತ ಜನಾಂಗದವರು. ಆ ಬಯಲಿನ ಹೆಸರು ಚುಕುರೋವಾ, ಅಲ್ಲಿನ ಬೆಳೆ ಹತ್ತಿ. ಹುಡುಗ ಹತ್ತಿ ಹೊಲಗಳ ನಡುವೆ ಬೆಳೆದ. ಇದನ್ನು ಓದುವಾಗ ನನಗೆ ನನ್ನ ತರಗತಿಯ ಮಕ್ಕಳ ನೆನಪಾಯಿತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಕೂಲಿಕಾರರ ಲೈನ್ ಮನೆಗಳ ಮಕ್ಕಳ ಹಾಜರಿ ಇಳಿಯುತ್ತದೆ. ದೊಡ್ಡವರು ತೋಟಕ್ಕೆ ಹೋದಾಗ ಚಿಕ್ಕವರನ್ನು ನೋಡಿಕೊಳ್ಳಲು ಯಾರಾದರೂ ಮನೆಯಲ್ಲಿರಬೇಕಲ್ಲ. ಹಾಗೆ ಮನೆಯಲ್ಲಿ ಉಳಿದ ಮಗುವಿನ ಕಣ್ಣಿಗೆ ಬಿದ್ದದ್ದನ್ನು ಯಾರೂ ಬರೆದಿಡುವುದಿಲ್ಲ. ಗುನೆಯ್ ಬರೆದ, ಆಮೇಲೆ ತೆರೆಗೆ ತಂದ. ಅವನ ಮೇಲೆ ನನಗೆ ಮೊದಲು ಪ್ರೀತಿ ಹುಟ್ಟಿದ್ದು ಇಲ್ಲಿ.

ಓದಲು ನಗರಕ್ಕೆ ಹೋದ, ಬರೆಯಲು ತೊಡಗಿದ. ಒಂದು ಕಥೆಯಲ್ಲಿ ಕಮ್ಯುನಿಸ್ಟ್ ಪ್ರಚಾರವಿದೆ ಎಂಬ ಆರೋಪ ಹೊರಿಸಿ 1961ರಲ್ಲಿ ಸೆರೆಗೆ ಹಾಕಿದರು. ಹೊರಬಂದು ನಟನಾದ. ಅಗ್ಗದ ಬಂಡವಾಳದ ಹೊಡೆದಾಟದ ಚಿತ್ರಗಳಲ್ಲಿ ಬಡವರ ಪರ ನಿಲ್ಲುವ ಪಾತ್ರಗಳು. ಅಂದಗಾರನಲ್ಲದ ಈ ನಾಯಕನನ್ನು ಅಲ್ಲಿನ ಜನ ‘ಕುರೂಪಿ ರಾಜ’ ಎಂದು ಅಕ್ಕರೆಯಿಂದ ಕರೆದರು. ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ. 1970ರಲ್ಲಿ ‘ಉಮುತ್’ ಮಾಡಿದ. ಅದಾನಾದ ಒಬ್ಬ ಕುದುರೆಗಾಡಿಯವನ ಕುದುರೆಯನ್ನು ಕಾರೊಂದು ಬಡಿದು ಕೊಲ್ಲುತ್ತದೆ. ಕಾರಿನವನಿಗೆ ಏನೂ ಆಗುವುದಿಲ್ಲ. ಗಾಡಿಯವನು ಲಾಟರಿಗೆ, ಕೊನೆಗೆ ನೆಲದಡಿಯ ನಿಧಿಯ ಹುಚ್ಚಿಗೆ ಬೀಳುತ್ತಾನೆ. ಸರಕಾರ ಆ ಚಿತ್ರವನ್ನು ನಿಷೇಧಿಸಿತು. ತಾರೆಯಾಗಿ ಸುಖವಾಗಿ ಇರಬಹುದಾಗಿದ್ದವನು ಆ ದಾರಿ ಬಿಟ್ಟದ್ದು ಇಲ್ಲಿಂದ. 1972ರಲ್ಲಿ ಎಡಪಂಥೀಯ ವಿದ್ಯಾರ್ಥಿಗಳಿಗೆ ಆಶ್ರಯ ಕೊಟ್ಟನೆಂದು ಮತ್ತೆ ಸೆರೆ. 1974ರಲ್ಲಿ ಸಾಮಾನ್ಯ ಕ್ಷಮಾದಾನದಲ್ಲಿ ಬಿಡುಗಡೆ.

ಬಿಡುಗಡೆಯಾಗಿ ಕೆಲವೇ ತಿಂಗಳು ಕಳೆದಿತ್ತು. 1974ರ ಸೆಪ್ಟೆಂಬರ್. ಹತ್ತಿ ಕೂಲಿಕಾರರ ಕುರಿತ ಚಿತ್ರವೊಂದರ ಕೆಲಸಕ್ಕೆ ಅವನು ಅದಾನಾ ಕಡೆಗೇ ಹೋಗಿದ್ದ. ಯುಮುರ್ತಾಲಿಕ್ ಎಂಬ ಕರಾವಳಿಯ ಊರಿನಲ್ಲಿ ರಾತ್ರಿ ಊಟದ ಜಾಗದಲ್ಲಿ ಮಾತಿಗೆ ಮಾತು ಬೆಳೆಯಿತು. ಗುಂಡು ಹಾರಿತು. ಅಲ್ಲಿದ್ದ ನ್ಯಾಯಾಧೀಶ ಸೆಫಾ ಮುತ್ಲು ಸತ್ತರು. ಗುಂಡು ಹಾರಿಸಿದ್ದು ತಾನು ಎಂದು ಗುನೆಯ್‌ನ ಸಂಬಂಧಿಯೊಬ್ಬ ಹೇಳಿದ. ನ್ಯಾಯಾಲಯ ಅದನ್ನು ನಂಬಲಿಲ್ಲ, ಗುನೆಯ್‌ಗೆ 19 ವರ್ಷ ಶಿಕ್ಷೆ ವಿಧಿಸಿತು.

ನನ್ನ ಭಾಷಣ ಈ ಜಾಗದಲ್ಲಿ ನಿಂತುಹೋಯಿತು. ಗುನೆಯ್ ಬಗ್ಗೆ ಅಭಿಮಾನದಿಂದ ಬರೆದವರಲ್ಲಿ ಅನೇಕರು ಈ ಘಟನೆಯನ್ನು ಅರ್ಧ ವಾಕ್ಯದಲ್ಲಿ ದಾಟಿಬಿಡುತ್ತಾರೆ. ‘ಒಬ್ಬ ನ್ಯಾಯಾಧೀಶ’ ಎಂದಷ್ಟೇ ಇರುತ್ತದೆ, ಹೆಸರು ಇರುವುದಿಲ್ಲ. ಅವನನ್ನು ದ್ವೇಷಿಸುವವರು ಇದೊಂದನ್ನೇ ಹಿಡಿದು ಉಳಿದದ್ದನ್ನೆಲ್ಲ ಅಳಿಸುತ್ತಾರೆ. ಕೊಡಗಿನಲ್ಲಿ ನಿಂತು ಬಂದೂಕಿನ ಮಾತನ್ನು ಸಡಿಲವಾಗಿ ಆಡಲು ಬರುವುದಿಲ್ಲ. ಇಲ್ಲಿ ಮನೆ ಮನೆಗಳಲ್ಲಿ ಕೋವಿಯಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ. ಕೋವಿಯನ್ನು ಯಾವಾಗ ಕೈಗೆತ್ತಿಕೊಳ್ಳಬಾರದು ಎಂಬುದನ್ನು ಅದನ್ನು ಕೈಗೆ ಕೊಡುವ ಮೊದಲೇ ಹಿರಿಯರು ಹೇಳಿಕೊಡುತ್ತಾರೆ. ಊಟದ ಮೇಜಿನ ಜಗಳಕ್ಕೆ ಒಬ್ಬ ಮನುಷ್ಯ ಸತ್ತನೆಂದರೆ, ಕೊಂದವನು ಎಂಥ ಕಲಾವಿದನಾದರೂ, ಈ ಊರಿನ ಸಭೆ ಅದನ್ನು ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ. ಕೇಳಿಸಿಕೊಳ್ಳಲೂ ಬಾರದು. ಸೆಫಾ ಮುತ್ಲು ಎಂಬ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಹೇಳುತ್ತೇನೆ, ಚಿತ್ರದ ಗುಣವನ್ನು ಕೊಲೆಗೆ ಸಮಜಾಯಿಷಿಯಾಗಿ ಬಳಸುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಮುಂದಿನ ಸಾಲು ಬರೆಯಲು ಸಾಧ್ಯವಾಯಿತು.

ಮುಂದಿನ ಭಾಗ ನನಗೆ ಅತ್ಯಂತ ಆಶ್ಚರ್ಯದ್ದು. ಸೆರೆಯಲ್ಲಿದ್ದ ಆ ವರ್ಷಗಳಲ್ಲಿ ಗುನೆಯ್ ಬರೆದುಕೊಟ್ಟ ಚಿತ್ರಕಥೆಗಳನ್ನು ಝೆಕಿ ಓಕ್ತೆನ್ ಚಿತ್ರವಾಗಿಸಿದ: 1978ರಲ್ಲಿ ‘ಸುರು’, 1979ರಲ್ಲಿ ‘ದುಶ್ಮನ್’. ‘ಸುರು’ ಅಲೆಮಾರಿ ಕುರಿಗಾಹಿ ಕುಟುಂಬವೊಂದು ತನ್ನ ಮಂದೆಯನ್ನು ರೈಲಿನಲ್ಲಿ ಅಂಕಾರಾಕ್ಕೆ ಸಾಗಿಸುವ ಕಥೆ. ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ಚಿನ್ನದ ಚಿರತೆ ಪ್ರಶಸ್ತಿ ಪಡೆಯಿತು. ಬರೆದವನು ಒಳಗೆ, ಬಹುಮಾನ ಹೊರಗೆ. ಇವು ಯಾರ ಚಿತ್ರಗಳು, ಓಕ್ತೆನ್‌ನದೇ, ಗೊರೆನ್‌ನದೇ, ಗುನೆಯ್‌ನದೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಂಜಿನಲ್ಲಿ, ತಪಾಸಣಾ ಠಾಣೆಗಳ ನಡುವೆ ಕ್ಯಾಮೆರಾ ಹೊತ್ತು ನಿಂತವರ ಹೆಸರನ್ನು ಗುನೆಯ್ ಹೆಸರಿನ ಹಿಂದೆ ಮರೆಸುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ನಮ್ಮ ಸೂಚನಾ ಫಲಕದ ಹಾಳೆಯಲ್ಲಿ ‘ನಿರ್ದೇಶನ: ಶೆರಿಫ್ ಗೊರೆನ್, ರಚನೆ ಮತ್ತು ಸಂಕಲನದ ಮೇಲ್ವಿಚಾರಣೆ: ಯಿಲ್ಮಾಜ್ ಗುನೆಯ್’ ಎಂದು ಬರೆಸಿದೆ.

ಯಾವ ‘ಯೋಲ್’ ತೋರಿಸುವುದು ಎಂಬ ಪ್ರಶ್ನೆಯೂ ಇತ್ತು. 1982ರದ್ದು ಒಂದು. 2017ರಲ್ಲಿ ಕಾನ್‌ನಲ್ಲಿ ತೋರಿಸಿದ, ಮೊದಲು ಕೈಬಿಟ್ಟಿದ್ದ ಭಾಗಗಳನ್ನು ಸೇರಿಸಿದ ಇನ್ನೊಂದು ಆವೃತ್ತಿಯಿದೆ. ನಾನು 1982ರದ್ದನ್ನೇ ಹಿಡಿದೆ. ಅದರ ಸಂಕಲನಕ್ಕೆ ಅವನೇ ಕುಳಿತಿದ್ದ. ತನ್ನ ನೆಲದಿಂದ ಕಿತ್ತು ಬಂದವನೊಬ್ಬ, ಗೆಳೆಯರು ಹಿಡಿದು ಕಳುಹಿಸಿದ ಆ ನೆಲವನ್ನು ಪರದೇಶದ ಕತ್ತಲೆ ಕೋಣೆಯಲ್ಲಿ ಕತ್ತರಿಸಿ ಜೋಡಿಸಿದ್ದು ಅದು. ಆ ಕೈ ತಾಗಿದ ಪ್ರತಿಯೇ ನಮ್ಮ ಸಭೆಗೆ ಬೇಕಿತ್ತು.

ಸಬ್‌ಟೈಟಲ್ ಕೆಲಸಕ್ಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜೊತೆಯಾದ. ಕಂಪ್ಯೂಟರ್ ಅವನ ಪಾಲು, ಕನ್ನಡ ನನ್ನ ಪಾಲು. ಇಂಗ್ಲಿಷ್ ಸಾಲುಗಳ ಕಡತ ನಮ್ಮ ಬಳಿ ಇತ್ತು. ಅದನ್ನು ಚಿತ್ರಕ್ಕೆ ಜೋಡಿಸಿದರೆ ಮೊದಲ ಕೆಲವು ಸಾಲು ಸರಿಯಾಗಿರುತ್ತಿತ್ತು, ಆಮೇಲೆ ಮಾತು ಒಂದು ಕಡೆ, ಬರಹ ಇನ್ನೊಂದು ಕಡೆ. ಕಾರಣ ಹುಡುಕಿದವನು ಅವನೇ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಯುರೋಪಿನ ಹಳೆಯ ಟಿವಿ ಪದ್ಧತಿ 25 ಚೌಕಟ್ಟುಗಳದ್ದು. ಆ ಪದ್ಧತಿಗೆ ಇಳಿಸಿದ ಪ್ರತಿ ಸ್ವಲ್ಪ ವೇಗವಾಗಿ ಓಡುತ್ತದೆ, ಎರಡು ಗಂಟೆಯ ಚಿತ್ರದಲ್ಲಿ ಹೆಚ್ಚುಕಡಿಮೆ ಐದು ನಿಮಿಷ ಮೊದಲೇ ಮುಗಿಯುತ್ತದೆ. ಒಂದು ವೇಗದ ಪ್ರತಿಗೆ ಬರೆದ ಕಡತವನ್ನು ಇನ್ನೊಂದಕ್ಕೆ ಜೋಡಿಸಿದರೆ ವ್ಯತ್ಯಾಸ ಬೆಳೆಯುತ್ತ ಹೋಗುತ್ತದೆ. ಹಿಂದೆ ಮುಂದೆ ಸರಿಸಿದರೆ ಸಾಲದು, ಇಡೀ ಕಡತವನ್ನೇ ಅದೇ ಅನುಪಾತದಲ್ಲಿ ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಸಬ್‌ಟೈಟಲ್ ಮಾಡಹೊರಟ ಯಾರೇ ಆದರೂ ಒಂದೇ ಒಂದು ಅಕ್ಷರ ಬರೆಯುವ ಮೊದಲು ಚಿತ್ರದ ಕೊನೆಯ ಮಾತು ಕಡತದ ಕೊನೆಯ ಸಾಲಿಗೆ ಕೂಡುತ್ತದೆಯೇ ನೋಡಿಕೊಳ್ಳಿ.

ಬರೆಯುವಾಗಿನ ಕಷ್ಟ ಬೇರೆ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಇರಬಾರದು. ಓದುವವರ ಕಣ್ಣು ಬರಹ ಮುಗಿಸಿ ಮುಖ ನೋಡಲು ಸಮಯ ಉಳಿಯಬೇಕು. ‘ಯೋಲ್’ನಲ್ಲಿ ಮುಖಗಳೇ ಹೆಚ್ಚು ಹೇಳುತ್ತವೆ. ನಾನು ಮೊದಲು ಬರೆದ ಕನ್ನಡ ಉದ್ದವಾಗಿತ್ತು, ಕಡಿಯುತ್ತ ಹೋದೆ. ಕಡಿದಷ್ಟೂ ಚಿತ್ರ ಉಸಿರಾಡಿತು. ಕೆಲವು ಪ್ಲೇಯರ್‌ಗಳಲ್ಲಿ ನಮ್ಮ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತವೆ, ಅದಕ್ಕೆ ಬೇರೆ ಪ್ಲೇಯರ್, ಬೇರೆ ಫಾಂಟ್. ಹಿಮದ ದೃಶ್ಯಗಳಲ್ಲಿ ಬಿಳಿ ಅಕ್ಷರ ಬಿಳಿ ಹಿಮದಲ್ಲಿ ಕಾಣದೇ ಹೋಗುತ್ತಿತ್ತು. ದಪ್ಪ ಕಪ್ಪು ಅಂಚು ಹಾಕಿದೆವು. ಇದೆಲ್ಲ ಮಳೆ ಸುರಿಯುವ ಸಂಜೆಗಳಲ್ಲಿ, ಕರೆಂಟ್ ಇದ್ದಾಗ ಕರೆಂಟಿನಲ್ಲಿ, ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು.

ಹೀಗೆ ಸಾಲು ಸಾಲಾಗಿ ಚಿತ್ರದೊಳಗೆ ಕುಳಿತಾಗಲೇ ಅದರ ಕಟ್ಟು ನನಗೆ ಅರ್ಥವಾದದ್ದು. ಐವರು ಕೈದಿಗಳಿಗೆ ಒಂದು ವಾರದ ರಜೆ ಸಿಗುತ್ತದೆ. 1980ರ ಸೆಪ್ಟೆಂಬರ್ 12ರಂದು ಟರ್ಕಿಯಲ್ಲಿ ಸೈನ್ಯ ಅಧಿಕಾರ ಹಿಡಿದಿತ್ತು. ಚಿತ್ರದಲ್ಲಿ ದಾರಿಯುದ್ದಕ್ಕೂ ಸೈನಿಕರ ತಪಾಸಣೆ. ಯೂಸುಫ್ ಎಂಬ ಎಳೆಯ ಕೈದಿ ಹೆಂಡತಿಗೆಂದು ಪಂಜರದಲ್ಲಿ ಹಕ್ಕಿ ಒಯ್ಯುತ್ತಾನೆ. ರಜೆಯ ಕಾಗದ ಕಳೆದುಕೊಂಡದ್ದಕ್ಕೆ ನಡುದಾರಿಯಲ್ಲೇ ಹಿಡಿದಿಡುತ್ತಾರೆ. ಓಮರ್ ಗಡಿಯ ಕುರ್ದ್ ಹಳ್ಳಿಗೆ ಹೋಗುತ್ತಾನೆ. ಸತ್ತವರ ಹೆಣ ಮುಂದೆ ತಂದಿಟ್ಟು ‘ಇವನು ಯಾರವನು’ ಎಂದು ಸೈನಿಕರು ಕೇಳುವಾಗ ತನ್ನವರನ್ನೇ ಗುರುತಿಸಲು ಹಳ್ಳಿ ಹೆದರುತ್ತದೆ. ಸೆಯಿತ್ ಅಲಿಯ ಕಥೆ ಎಲ್ಲಕ್ಕಿಂತ ಕ್ರೂರ. ಅವನ ಹೆಂಡತಿ ಝಿನೆ ದಾರಿ ತಪ್ಪಿದಳೆಂದು ಅವಳ ಮನೆಯವರೇ ತಿಂಗಳುಗಟ್ಟಲೆ ಸಂಕೋಲೆ ಹಾಕಿ ಕೂಡಿಟ್ಟಿದ್ದಾರೆ. ಅವಳನ್ನು ಕೊಲ್ಲುವುದು ಗಂಡನ ಕರ್ತವ್ಯವೆಂದು ಕಾದಿದ್ದಾರೆ. ಅವನು ಕೈಯಾರೆ ಕೊಲ್ಲಲಾರ, ಕ್ಷಮಿಸಲೂ ಆರ. ಬೆಚ್ಚನೆಯ ಬಟ್ಟೆಯಿಲ್ಲದ ಅವಳನ್ನು ಮಗನ ಜೊತೆ ಹಿಮದ ಬೆಟ್ಟದಲ್ಲಿ ನಡೆಸುತ್ತಾನೆ. ಅವಳು ಕುಸಿದಾಗ ಬದುಕಿಸಲು ಒದ್ದಾಡುತ್ತಾನೆ. ಅಷ್ಟು ಹೊತ್ತಿಗೆ ಎಲ್ಲ ಮೀರಿರುತ್ತದೆ. ತಾರಿಕ್ ಅಕಾನ್ ಎಂಬ ನಟ ಆ ಇಬ್ಬಂದಿತನವನ್ನು ಮಾತಿಲ್ಲದೆ ತೋರಿಸುತ್ತಾನೆ. ಆ ದೃಶ್ಯಕ್ಕೆ ಬರೆಯಬೇಕಾದ ಸಾಲುಗಳು ಬಹಳ ಕಡಿಮೆ. ಅದನ್ನು ಮಾಡಿದ ರಾತ್ರಿ ನಾನು ಬೇರೇನೂ ಮಾಡಲಿಲ್ಲ.

ಸೆರೆಯಿಂದ ಹೊರಬಂದವರು ಇನ್ನೊಂದು ಸೆರೆಗೆ ಹೋಗುತ್ತಾರೆ ಎಂದು ಈ ಚಿತ್ರದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅದು ನಿಜ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಗುನೆಯ್‌ನ ಬದುಕಿನಲ್ಲಿ ನಡೆದ ಅದರ ತಿರುವುಮುರುವು. ಸೆರೆಯಲ್ಲಿದ್ದಾಗ ಅವನ ದೇಹ ಮಾತ್ರ ಕಟ್ಟುಬಿದ್ದಿತ್ತು. ಅವನ ನೆಲ ಗೋಡೆಯ ಆಚೆಯೇ ಇತ್ತು. ಗೆಳೆಯರು ಹೋಗಿ ಆ ಬೆಟ್ಟ, ಆ ರೈಲು, ಆ ಕುರಿಮಂದೆ, ಆ ಜನರ ಮುಖಗಳನ್ನು ಹಿಡಿದು ತರಬಲ್ಲವರಾಗಿದ್ದರು. ಫ್ರಾನ್ಸಿನಲ್ಲಿ ಅವನು ಎಲ್ಲಿ ಬೇಕಾದರೂ ಓಡಾಡಬಹುದಿತ್ತು, ಸರಕಾರ ಅವನನ್ನು ಟರ್ಕಿಗೆ ಒಪ್ಪಿಸಲಿಲ್ಲ, ಬಂಡವಾಳ ಸಿಕ್ಕಿತು. ನೆಲ ಮಾತ್ರ ಇರಲಿಲ್ಲ. ದೇಶಭ್ರಷ್ಟನಾದ ಕವಿ ತನ್ನ ಭಾಷೆಯನ್ನು ಬಾಯಲ್ಲಿಟ್ಟುಕೊಂಡು ಗಡಿ ದಾಟುತ್ತಾನೆ. ನಿರ್ದೇಶಕನಿಗೆ ಬೇಕಾದದ್ದು ಬಾಯಲ್ಲಿ ಹಿಡಿಸುವುದಿಲ್ಲ. ಬಸ್ ನಿಲ್ದಾಣದಲ್ಲಿ ನಿಂತ ಮುದುಕನ ನಡಿಗೆ, ಆ ಊರಿನ ಬೆಳಕು, ಬೀದಿಯ ಗದ್ದಲ ಯಾವುದನ್ನೂ ಗಂಟುಕಟ್ಟಿ ಒಯ್ಯಲಾಗುವುದಿಲ್ಲ.

ಅವನು ಏನು ಮಾಡಿದ? 1983ರಲ್ಲಿ ‘ದುವಾರ್’ ಮಾಡಿದ. ಅಂಕಾರಾದ ಸೆರೆಮನೆಯೊಂದರಲ್ಲಿ 1976ರಲ್ಲಿ ಬಾಲಕೈದಿಗಳು ದಂಗೆಯೆದ್ದಿದ್ದರು. ಅದನ್ನು ಆಧರಿಸಿದ ಚಿತ್ರ. ಫ್ರಾನ್ಸಿನ ಹಳೆಯ ಮಠವೊಂದನ್ನು ಟರ್ಕಿಯ ಸೆರೆಮನೆಯಾಗಿ ಮಾರ್ಪಡಿಸಿದ, ಯುರೋಪಿನಲ್ಲಿ ನೆಲೆಸಿದ್ದ ವಲಸಿಗರ ಮಕ್ಕಳಿಂದ ಪಾತ್ರ ಮಾಡಿಸಿದ. ದೇಶ ಬಿಟ್ಟ ಮೇಲೆ ತಾನೇ ನಿಂತು ನಿರ್ದೇಶಿಸಿದ ಒಂದೇ ಚಿತ್ರ ಅದು, ಅದೂ ನಾಲ್ಕು ಗೋಡೆಗಳ ನಡುವಿನದು. ಕಟ್ಟಿಕೊಳ್ಳಲು ಸಾಧ್ಯವಿದ್ದ ಸ್ವದೇಶ ಅದೊಂದೇ ಆಗಿತ್ತು ಎಂದು ನಾನು ತಿಳಿದಿದ್ದೇನೆ. ಸೆರೆಮನೆಗೆ ಬೆಟ್ಟ ಬೇಡ, ಬಯಲು ಬೇಡ, ಗೋಡೆಯಿದ್ದರೆ ಸಾಕು. ‘ದುವಾರ್’ ಗಟ್ಟಿ ಚಿತ್ರ, ನೋಡುವುದು ಕಷ್ಟ. ಆದರೆ ‘ಯೋಲ್’ನ ಗಾಳಿ ಅದರಲ್ಲಿ ಇಲ್ಲ. ಅವನ ಪ್ರತಿಭೆ ಕುಂದಿತೆಂದು ನಾನು ಒಪ್ಪುವುದಿಲ್ಲ. ಕಿತ್ತುಕೊಂಡದ್ದು ಎಷ್ಟೆಂಬುದಕ್ಕೆ ಆ ಚಿತ್ರವೇ ಸಾಕ್ಷಿ.

ಟರ್ಕಿ ಅವನ ಪೌರತ್ವ ಕಿತ್ತುಹಾಕಿತು. ಪ್ಯಾರಿಸ್ಸಿನಲ್ಲಿ 1983ರಲ್ಲಿ ಕುರ್ದ್ ಅಧ್ಯಯನ ಸಂಸ್ಥೆ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಅವನೂ ಒಬ್ಬ. ಪೆರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣಾದ. ‘ಯೋಲ್’ ಟರ್ಕಿಯ ಚಿತ್ರಮಂದಿರಗಳಿಗೆ ಬಂದದ್ದು 1999ರಲ್ಲಿ.

ಭಾಷಣಕ್ಕೆ ಊರಿನ ಕೊಂಡಿ ಬೇಕೆಂದು ಗುಂಪಿನವರು ಒತ್ತಾಯಿಸಿದರು. ನಮ್ಮ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನನ್ನು ಸೇರಿಸಿ ಎಂದರು. 1834ರಲ್ಲಿ ಇಂಗ್ಲಿಷರು ಪಟ್ಟದಿಂದ ಇಳಿಸಿದ ಅವನನ್ನು ಕಾಶಿಗೆ ಕಳುಹಿಸಿದರು. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ, ಕಂಪನಿಯ ವಿರುದ್ಧ ಹಣಕ್ಕಾಗಿ ದಾವೆ ಹೂಡಿದ, 1859ರಲ್ಲಿ ಲಂಡನ್ನಿನಲ್ಲೇ ಸತ್ತ. ಪಾಠ ಮಾಡುವಾಗ ಪ್ರತಿ ವರ್ಷ ನಾನು ಇದನ್ನು ಹೇಳುತ್ತೇನೆ. ಆದರೂ ಭಾಷಣಕ್ಕೆ ಸೇರಿಸಲಿಲ್ಲ. ಅರಸನೊಬ್ಬ ಕಳೆದುಕೊಂಡ ಗದ್ದುಗೆಗೂ ಕೂಲಿಯ ಮಗ ಕಳೆದುಕೊಂಡ ಹತ್ತಿ ಹೊಲಕ್ಕೂ ಗಂಟು ಹಾಕುವುದು ನನಗೆ ಒಗ್ಗಲಿಲ್ಲ. ಅದರ ಬದಲು ಕೊಡಗಿನ ಎಲ್ಲ ಮನೆಗಳಿಗೂ ಗೊತ್ತಿರುವ ಒಂದು ಸಂಗತಿಯಿಂದ ಆರಂಭಿಸಿದೆ: ಸೈನಿಕನ ರಜೆ. ಮಗ ರಜೆಗೆ ಬರುವ ದಿನ, ಕಿಸೆಯಲ್ಲಿನ ಕಾಗದ, ಅದರ ಮೇಲಿನ ಮೊಹರು, ಮರಳಬೇಕಾದ ತಾರೀಖು, ಆ ತಾರೀಖಿನ ಸುತ್ತ ಮನೆಯವರು ಮದುವೆ ಮಾತುಕತೆಯನ್ನೂ ಗದ್ದೆ ಕೆಲಸವನ್ನೂ ಹೊಂದಿಸುವ ರೀತಿ. ಅಷ್ಟು ಹೇಳಿದ್ದೇ ಸಭಾಂಗಣ ನನ್ನ ಜೊತೆಗಿತ್ತು. ಐವರು ಕೈದಿಗಳ ಕೈಯಲ್ಲಿನ ಕಾಗದ ಏನೆಂದು ಮತ್ತೆ ವಿವರಿಸಬೇಕಾಗಲಿಲ್ಲ.

ಪ್ರದರ್ಶನ ಸೆಪ್ಟೆಂಬರ್‌ನಲ್ಲಿ, ಕೈಲ್‌ಪೊಳ್ದ್ ಮುಗಿದ ಮೇಲಿನ ಭಾನುವಾರ. ಮಂಜು ಕಿಟಕಿಗೇ ಬಂದು ನಿಂತಿತ್ತು. ಬೈಲಕುಪ್ಪೆಯಿಂದ ಒಬ್ಬ ಟಿಬೆಟನ್ ಯುವಕ ಬಂದಿದ್ದ. ಬ್ಯಾಂಕಿನ ಗೆಳೆಯರಿಗೆ ಪರಿಚಯದವನು, ಕನ್ನಡ ನಮ್ಮಷ್ಟೇ ಸರಾಗವಾಗಿ ಆಡುತ್ತಾನೆ. ಚಿತ್ರ ನಡುವೆ ಒಮ್ಮೆ ನಿಂತಿತು, ಜನರೇಟರ್ ಹಾಕಿಸಿದೆವು, ಯಾರೂ ಎದ್ದು ಹೋಗಲಿಲ್ಲ.

ಚಿತ್ರ ಮುಗಿದ ಮೇಲೆ ಸುಬೇದಾರ್ ಮಾವ ಮೊದಲು ಎದ್ದರು. “ಟೀಚರಮ್ಮ, ನನಗೊಂದು ಮಾತು ಹೇಳಬೇಕು,” ಎಂದರು. “ರಜೆಗೆ ಹೋದವನು ಹಿಂದಿರುಗಬೇಕು. ನಿಮ್ಮ ನಿರ್ದೇಶಕ ಹಿಂದಿರುಗಲಿಲ್ಲ. ಅವನನ್ನು ನಂಬಿ ರಜೆ ಕೊಟ್ಟ ಅಧಿಕಾರಿಗೆ ಆಮೇಲೆ ಏನಾಯಿತು? ಅವನ ನಂತರ ರಜೆ ಕೇಳಿದ ಕೈದಿಗಳಿಗೆ ಏನಾಯಿತು?”

ಈ ಪ್ರಶ್ನೆಯನ್ನು ನಾನು ಎಲ್ಲಿಯೂ ಓದಿರಲಿಲ್ಲ. “ಹಿಂದಿರುಗಿದ್ದರೆ ಈ ಚಿತ್ರ ಹೀಗೆ ನಮ್ಮ ಮುಂದೆ ಇರುತ್ತಿರಲಿಲ್ಲ, ಮಾವ,” ಎಂದೆ.

“ಇರುತ್ತಿರಲಿಲ್ಲ. ಅದು ನಿಜ,” ಎಂದು ಅವರು ಸ್ವಲ್ಪ ತಡೆದರು. “ಚಿತ್ರ ಸುಳ್ಳು ಹೇಳುವುದಿಲ್ಲ. ತಪಾಸಣೆಗೆ ನಿಂತ ಆ ಹುಡುಗ ಸೈನಿಕರನ್ನು ನೋಡಿದಿರಲ್ಲ, ಅವರಿಗೂ ಹೆದರಿಕೆ. ತನ್ನ ಜನರ ಮೇಲೆಯೇ ಕೋವಿ ಹಿಡಿದು ನಿಲ್ಲಿಸಿದಾಗ ಸಿಪಾಯಿಯ ಮುಖ ಹಾಗೆಯೇ ಆಗುತ್ತದೆ. ಆದರೆ ಆ ಜಡ್ಜ್ ಮನೆಯವರೂ ಒಂದು ಚಿತ್ರ ಮಾಡಿದ್ದರೆ ಅದನ್ನೂ ನಾನು ನೋಡುತ್ತೇನೆ.”

ಸೆಫಾ ಮುತ್ಲು ಅವರ ಹೆಸರನ್ನು ಅಷ್ಟು ನಿಧಾನವಾಗಿ ಹೇಳಿದ್ದು ವ್ಯರ್ಥವಾಗಲಿಲ್ಲ ಎಂದು ನನಗೆ ಆಗ ಅನ್ನಿಸಿತು.

ಅಂಗನವಾಡಿ ಕಾರ್ಯಕರ್ತೆಯೊಬ್ಬರು ಹಿಂದಿನ ಸಾಲಿನಲ್ಲಿದ್ದರು. ಸಭೆಗಳಲ್ಲಿ ಮಾತಾಡುವವರಲ್ಲ. “ಟೀಚರ್, ಗಂಡಸರೈವರಿಗೂ ರಜೆ ಸಿಕ್ಕಿತು. ಹಟ್ಟಿಯಲ್ಲಿ ಕಟ್ಟಿಹಾಕಿದ ಆ ಹೆಂಗಸಿಗೆ ಯಾರು ಕೊಟ್ಟರು?” ಎಂದು ಕೇಳಿ ಕುಳಿತುಬಿಟ್ಟರು. ಅವರ ದನಿಯಲ್ಲಿ ಸಿಟ್ಟಿತ್ತು, ಆ ಸಿಟ್ಟು ನ್ಯಾಯವಾದದ್ದು. ಚಿತ್ರವೂ ಅದನ್ನೇ ಕೇಳುತ್ತದೆ ಎಂದು ನಾನು ಉತ್ತರಿಸಿದೆ. ಸೈನ್ಯದ ಆಡಳಿತವನ್ನು ಮಾತ್ರ ಬೈಯಬಹುದಾಗಿದ್ದ ಗುನೆಯ್, ಆ ಆಡಳಿತದಿಂದ ನರಳುವ ತನ್ನದೇ ಜನ ತಮ್ಮ ಹೆಂಗಸರಿಗೆ ಏನು ಮಾಡುತ್ತಾರೆ ಎಂಬುದನ್ನು ಮುಚ್ಚಿಡಲಿಲ್ಲ. ಅವನ ಬರವಣಿಗೆಯ ಧೈರ್ಯವೆಂದು ನಾನು ಗೌರವಿಸುವುದು ಇದನ್ನು. ಅವರು ತಲೆಯಾಡಿಸಿದರು, ಆದರೆ ಒಪ್ಪಿದಂತೆ ಕಾಣಲಿಲ್ಲ. “ಅವಳಿಗೆ ಇನ್ನೂ ನಾಲ್ಕು ಮಾತು ಬರೆಯಬಹುದಿತ್ತು,” ಎಂದರು. ಸಾಲು ಸಾಲಾಗಿ ಆ ಚಿತ್ರದ ಮಾತುಗಳನ್ನು ಎಣಿಸಿದವಳು ನಾನು. ಅವರ ಮಾತು ಸರಿ.

ಬೈಲಕುಪ್ಪೆಯ ಯುವಕ ಚಹಾ ಕುಡಿಯುವಾಗ ನನ್ನ ಹತ್ತಿರ ಬಂದ. ಅವನ ಅಜ್ಜ ಅರವತ್ತರ ದಶಕದಲ್ಲಿ ಅಲ್ಲಿ ಕಾಡು ಕಡಿದು ನೆಲ ಮಾಡಿದವರಲ್ಲಿ ಒಬ್ಬರಂತೆ. “ಅವರ ಮನೆಯವರು ವಾಪಸ್ ಹೋದರೇ ಮೇಡಂ?” ಎಂದು ಕೇಳಿದ. ಗುನೆಯ್‌ನ ಪತ್ನಿ ಫಾತೋಶ್ ಆಮೇಲೆ ಟರ್ಕಿಗೆ ಮರಳಿದರು, ಅವನ ಚಿತ್ರಗಳನ್ನು ಉಳಿಸುವ ಕೆಲಸದಲ್ಲಿ ತೊಡಗಿದರು ಎಂದೆ. “ಹಾಗಾದರೆ ಹೋಗಲು ಒಂದು ಜಾಗ ಇತ್ತು,” ಎಂದ. ಮತ್ತೆ ‘ಸುರು’ವಿನ ಬಗ್ಗೆ ವಿವರವಾಗಿ ಕೇಳಿದ: ಕುರಿಗಾಹಿಗಳು ಯಾವ ಜನ, ಮಂದೆ ರೈಲಿನಲ್ಲಿ ಹೇಗೆ ಹೋಗುತ್ತದೆ, ಅವರ ಡೇರೆಗಳು ಹೇಗಿವೆ. ಅವನ ಅಜ್ಜನ ಮನೆಯವರು ಯಾಕ್ ಸಾಕುತ್ತಿದ್ದರಂತೆ.

ಮುಂದಿನ ಪ್ರದರ್ಶನಕ್ಕೆ ‘ಸುರು’ ಎಂದು ಅಲ್ಲಿಯೇ ತೀರ್ಮಾನವಾಯಿತು. ಅನುಮತಿಯ ಪತ್ರ ಹೋಗಿದೆ. ‘ಯೋಲ್’ನ ಕನ್ನಡ ಕಡತವನ್ನು ವಿರಾಜಪೇಟೆಯ ಗೆಳೆಯರು ಕೇಳಿದ್ದಾರೆ, ಅದು ಎಷ್ಟು ವೇಗದ ಪ್ರತಿಗೆ ಹೊಂದುತ್ತದೆ ಎಂದು ಕಡತದ ಹೆಸರಿನಲ್ಲೇ ಬರೆದು ಕೊಟ್ಟಿದ್ದೇವೆ. ಕಾಫಿ ಕೊಯ್ಲು ಮುಗಿದ ಮೇಲೆ ಲೈನ್ ಮನೆಗಳ ಹತ್ತಿರವೇ ತೆರೆ ಕಟ್ಟಿ ತೋರಿಸೋಣ ಎಂದು ತೋಟದ ದಂಪತಿ ಹೇಳಿದ್ದಾರೆ. ಅಲ್ಲಿಗೆ ಅಸ್ಸಾಮಿನಿಂದ ಬಂದವರೂ ಇರುತ್ತಾರೆ, ಕನ್ನಡ ಬರಹ ಓದಲು ಬಾರದವರೂ ಇರುತ್ತಾರೆ. ಅವರಿಗಾಗಿ ಯಾರಾದರೂ ಪಕ್ಕದಲ್ಲಿ ನಿಂತು ಹೇಳುತ್ತ ಹೋಗಬೇಕು. ಹೆಂಗಸರ ಮಾತುಗಳನ್ನು ತಾವೇ ಹೇಳುತ್ತೇವೆ ಎಂದು ಅಂಗನವಾಡಿಯವರು ಒಪ್ಪಿಕೊಂಡಿದ್ದಾರೆ. ಗುನೆಯ್‌ನ ಬದುಕನ್ನು ಈ ಸಲ ಸುಬೇದಾರ್ ಮಾವ ಹೇಳುತ್ತಾರೆ. ನನ್ನ ಟಿಪ್ಪಣಿಯ ಪುಸ್ತಕವನ್ನು ಅವರಿಗೆ ಕೊಟ್ಟಿದ್ದೇನೆ.